ಜಿಎಫ್‌ಎಸ್2 ದೀರ್ಘ ಬಳಕೆಯ ವಿಮರ್ಶೆ: ಫೆನ್ಸಿಂಗ್ ಇದ್ದರಷ್ಟೇ ಕೈಹಾಕಿ

ಒಂದೇ ಸ್ಯಾನ್ (ಹಲವು ಸರ್ವರ್‌ಗಳು ಹಂಚಿಕೊಳ್ಳುವ ಸ್ಟೋರೇಜ್ ನೆಟ್‌ವರ್ಕ್) ಡಿಸ್ಕಿನಲ್ಲಿರುವ ಎಕ್ಸ್‌ಎಫ್‌ಎಸ್‌ನಂಥ ಸಾಮಾನ್ಯ ಫೈಲ್ ಸಿಸ್ಟಮ್ಮನ್ನು ಎರಡು ಸರ್ವರ್‌ಗಳಲ್ಲಿ ಒಟ್ಟಿಗೆ ಮೌಂಟ್ ಮಾಡಿ ಬರೆಯತೊಡಗಿದರೆ ಡೇಟಾ ಕೆಡುತ್ತದೆ. ಪ್ರತಿ ಸರ್ವರೂ ಮೆಟಾಡೇಟಾವನ್ನು (ಯಾವ ಫೈಲ್ ಎಲ್ಲಿದೆ ಎಂಬಂಥ ವಿವರ) ತನ್ನ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಪಕ್ಕದ್ದು ಬರೆದದ್ದು ಅದಕ್ಕೆ ಗೊತ್ತೇ ಆಗದು. 2006ರಿಂದ ಲಿನಕ್ಸ್ ಕರ್ನಲ್‌ನಲ್ಲಿರುವ, ಹಲವು ಸರ್ವರ್‌ಗಳು ಒಟ್ಟಿಗೆ ಬರೆಯಬಲ್ಲ ಫೈಲ್ ಸಿಸ್ಟಮ್ ಆದ ಜಿಎಫ್‌ಎಸ್2 ಇದಕ್ಕೆ ಡಿಎಲ್‌ಎಂ (ಸರ್ವರ್‌ಗಳ ನಡುವೆ ಲಾಕ್ ನಿಭಾಯಿಸುವ ವ್ಯವಸ್ಥೆ) ಲಾಕ್‌ಗಳನ್ನು ಬಳಸುತ್ತದೆ. ಕ್ಲಸ್ಟರ್ ನಿಭಾಯಿಸುವ ಪೇಸ್‌ಮೇಕರ್ ತಂತ್ರಾಂಶದ ಜೊತೆ ಇದನ್ನು ನೆಚ್ಚಬಹುದು, ಆದರೆ ಫೆನ್ಸಿಂಗ್, ಅಂದರೆ ಕೆಟ್ಟ ಸರ್ವರನ್ನು ಆಫ್ ಮಾಡಿ ಇಲ್ಲವೇ ಡಿಸ್ಕಿನಿಂದ ದೂರವಿಡುವ ಏರ್ಪಾಡು, ಗಟ್ಟಿಯಾಗಿರಬೇಕು.

ಒಂದು ನೋಡ್ (ಕ್ಲಸ್ಟರಿನ ಒಂದು ಸರ್ವರ್) ಉತ್ತರಿಸದಿದ್ದರೆ ಅದು ಸತ್ತಿದೆಯೋ, ನೆಟ್‌ವರ್ಕ್ ಕಡಿದು ಇನ್ನೂ ಡಿಸ್ಕಿಗೆ ಬರೆಯುತ್ತಿದೆಯೋ ಉಳಿದವಕ್ಕೆ ತಿಳಿಯದು. ಅದನ್ನು ಫೆನ್ಸ್ ಮಾಡಿದ್ದು ಖಾತ್ರಿಯಾಗುವವರೆಗೆ ಡಿಎಲ್‌ಎಂ ಹೊಸ ಲಾಕ್ ಕೊಡುವುದಿಲ್ಲ. ಫೈಲ್ ಪಟ್ಟಿ ನೋಡುವ ಕಮಾಂಡ್ ಕೂಡ ನಿಂತುಬಿಡಬಹುದು. ಇದನ್ನು ದೋಷವೆಂದು ತಿಳಿದು ಸ್ಟೋನಿತ್ (ಪೇಸ್‌ಮೇಕರಿನ ಫೆನ್ಸಿಂಗ್ ವ್ಯವಸ್ಥೆ) ಆಫ್ ಮಾಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ, ಡೇಟಾ ಉಳಿಯುವುದು ಆ ತಡೆಯಿಂದಲೇ. ಐಪಿಎಂಐ (ಸರ್ವರನ್ನು ದೂರದಿಂದ ಆಫ್-ಆನ್ ಮಾಡುವ ವಿಧಾನ) ಒಂದನ್ನೇ ನಂಬುವುದೂ ತಪ್ಪು: ಸರ್ವರಿನ ಕರೆಂಟ್ ಪೂರ್ತಿ ಹೋದರೆ ಅದರೊಳಗೆ ಐಪಿಎಂಐ ನಡೆಸುವ ಬಿಎಂಸಿ ಚಿಪ್ಪೂ ಸಾಯುತ್ತದೆ, ಫೆನ್ಸಿಂಗ್ ವಿಫಲವಾಗಿ ಇಡೀ ಕ್ಲಸ್ಟರ್ ಕಾಯುತ್ತಾ ಕೂರುತ್ತದೆ. ಎರಡನೇ ಹಂತವಾಗಿ ಸ್ವಿಚ್ಡ್ ಪಿಡಿಯು (ದೂರದಿಂದ ಕರೆಂಟ್ ಕಡಿಯಬಲ್ಲ ಪವರ್ ಪಟ್ಟಿ) ಅಥವಾ ಸ್ಕಸಿ ರಿಸರ್ವೇಶನ್ (ಆ ನೋಡ್ ಬರೆಯದಂತೆ ಡಿಸ್ಕೇ ತಡೆಯುವುದು) ಇರಲಿ. ಕೋರಂ (ಬಹುಮತದ ನೋಡ್‌ಗಳ ಹಾಜರಿ) ತಪ್ಪಿದಾಗಿನ ನೀತಿಯನ್ನು 'ಸ್ಟಾಪ್' ಬದಲು 'ಫ್ರೀಜ್' ಮಾಡಿ. 'ಸ್ಟಾಪ್' ಅನ್‌ಮೌಂಟ್ ಮಾಡಲು ಹೋಗುತ್ತದೆ, ಕೋರಂ ಇಲ್ಲದೆ ಜಿಎಫ್‌ಎಸ್2 ಅನ್‌ಮೌಂಟೇ ಆಗದು.

ಫಾರ್ಮ್ಯಾಟ್ ಮಾಡುವಾಗ ಕೊಡುವ ಕ್ಲಸ್ಟರ್ ಹೆಸರು ಕೊರೋಸಿಂಕ್‌ನಲ್ಲಿ (ನೋಡ್‌ಗಳ ನಡುವೆ ಸಂದೇಶ ಸಾಗಿಸುವ ತಂತ್ರಾಂಶ) ಇರುವುದಕ್ಕೆ ಅಕ್ಷರಶಃ ಹೊಂದಬೇಕು, ಇಲ್ಲದಿದ್ದರೆ ಮೌಂಟ್ ಆಗುವುದಿಲ್ಲ. ನೋಡ್‌ಗೊಂದು ಜರ್ನಲ್ (ಬದಲಾವಣೆಗಳ ದಾಖಲೆ) ಬೇಕು. ಮೂರು ನೋಡ್ ಇದ್ದರೂ ನಾಲ್ಕು ಜರ್ನಲ್ ಇಡುವುದು ಒಳ್ಳೆಯದು, ಮರೆತರೆ ಮೌಂಟ್ ಇರುವಾಗಲೇ ಸೇರಿಸಬಹುದು. ಗಾತ್ರ ಹಿಗ್ಗಿಸಬಹುದು, ಕುಗ್ಗಿಸಲಾಗದು. 'ನೋಎಟೈಮ್' (ಫೈಲ್ ಓದಿದ ಸಮಯವನ್ನು ಬರೆದಿಡದ ಮೌಂಟ್ ಆಯ್ಕೆ) ಕಡ್ಡಾಯವೆಂದೇ ತಿಳಿಯಿರಿ. ಇಲ್ಲದಿದ್ದರೆ ಬರೀ ಓದುವುದಕ್ಕೂ ಬರೆಯುವ ಲಾಕ್ ಬೇಕಾಗಬಹುದು.

ವೇಗದ ವಿಷಯದಲ್ಲಿ ನಿರೀಕ್ಷೆ ಮಿತವಾಗಿರಲಿ. ಎರಡು ನೋಡ್‌ಗಳು ಒಂದೇ ಡೈರೆಕ್ಟರಿಯಲ್ಲಿ ಫೈಲ್ ಸೃಷ್ಟಿಸುತ್ತಿದ್ದರೆ ಲಾಕ್ ಅತ್ತಿಂದಿತ್ತ ಓಡಾಡುತ್ತದೆ, ಪ್ರತಿ ಸಲವೂ ಬದಲಾವಣೆಗಳು ಡಿಸ್ಕಿಗೆ ಇಳಿಯಬೇಕು. ನೋಡ್‌ಗೊಂದು ಡೈರೆಕ್ಟರಿ ಮಾಡಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ರಾತ್ರಿಯ ಬ್ಯಾಕಪ್ಪನ್ನೂ ಹಾಗೆಯೇ ಹಂಚಿ. ಒಂದೇ ನೋಡ್ ಎಲ್ಲ ಫೈಲ್ ಓದಿದರೆ ಲಾಕ್‌ಗಳೆಲ್ಲ ಅಲ್ಲಿ ಸೇರಿ, ಬೆಳಿಗ್ಗೆ ಉಳಿದ ನೋಡ್‌ಗಳು ತೆವಳುತ್ತವೆ. ಬ್ಯಾಕಪ್ ಮುಗಿದೊಡನೆ ಆ ನೋಡಿನ ಕ್ಯಾಶ್ ಖಾಲಿ ಮಾಡಿದರೆ ಸರಿಹೋಗುತ್ತದೆ.

ಎಫ್‌ಎಸ್‌ಸಿಕೆ (ಫೈಲ್ ಸಿಸ್ಟಮ್ ಪರೀಕ್ಷಿಸಿ ಸರಿಪಡಿಸುವ ಕಮಾಂಡ್) ಓಡಿಸುವ ಮುನ್ನ ಎಲ್ಲ ನೋಡ್‌ಗಳಲ್ಲೂ ಅನ್‌ಮೌಂಟ್ ಆಗಿದೆಯೇ ಎಂದು ಒಂದೊಂದಾಗಿ ಪರೀಕ್ಷಿಸಿ. ಒಂದು ಉಳಿದರೂ ರಿಪೇರಿಯೇ ಹಾಳು ಮಾಡುತ್ತದೆ.

ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10ರಲ್ಲಿ ಜಿಎಫ್‌ಎಸ್2 ಬೆಂಬಲ ಕೈಬಿಟ್ಟಿದೆ. ಹೊಸದಾಗಿ ಕಟ್ಟುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ವೆಬ್ ಸರ್ವರ್‌ಗಳಿಗೆ ಫೈಲ್ ಹಂಚುವುದಷ್ಟೇ ಆದರೆ ಎನ್‌ಎಫ್‌ಎಸ್ (ಒಂದು ಸರ್ವರ್ ನೆಟ್‌ವರ್ಕ್ ಮೂಲಕ ಫೈಲ್ ಹಂಚುವ ವಿಧಾನ) ಸಾಕು.