ಮಾಜಿ ಸೈನಿಕರ ರಕ್ತದಾನ ಶಿಬಿರ: ಶಿಸ್ತಿಗೆ ಪೂರ್ತಿ ಅಂಕ, ತಾರೀಖಿಗೆ ಅರ್ಧ

ಹುಬ್ಬಳ್ಳಿ-ಧಾರವಾಡ, ಗದಗ ಕಡೆ ಮಾಜಿ ಸೈನಿಕರು ನಡೆಸುವ ರಕ್ತದಾನ ಶಿಬಿರಕ್ಕೆ ಹೋಗಬಹುದೇ ಎಂದು ಕೇಳುವವರಿಗೆ ಉತ್ತರ ಸರಳ: ಧೈರ್ಯವಾಗಿ ಹೋಗಿ. ಫಾರ್ಮ್, ತೂಕ, ಬಿಪಿ, ಹಿಮೋಗ್ಲೋಬಿನ್, ವೈದ್ಯರ ಪ್ರಶ್ನೆ, ಕೊನೆಗೆ ಮಂಚ. ಈ ಸರದಿ ಅಲ್ಲಿ ತಪ್ಪುವುದಿಲ್ಲ. ಗಣ್ಯರ ಭಾಷಣಕ್ಕಾಗಿ ದಾನಿಯನ್ನು ಕಾಯಿಸುವ ರೂಢಿಯೂ ಕಡಿಮೆ. ಇದು ಸಣ್ಣ ಮಾತಲ್ಲ. ಮುಂಜಾನೆ ತಿಂದು ಬಂದವರನ್ನು ಮೂರು ತಾಸು ಕೂಡಿಸಿದರೆ ಹೊಟ್ಟೆ ಮತ್ತೆ ಖಾಲಿಯಾಗಿರುತ್ತದೆ. ರಕ್ತ ಕೊಟ್ಟು ಎದ್ದಾಗ ತಲೆ ಸುತ್ತಿ ಬೀಳುವವರಲ್ಲಿ ಇಂಥವರೂ ಇರುತ್ತಾರೆ.

ತಿಂಡಿಯ ವಿಷಯದಲ್ಲಿ ಮಾತ್ರ ತಕರಾರಿದೆ. ಬಂದವರಿಗೆಲ್ಲ ಮೊದಲೇ ಗಿರ್ಮಿಟ್ ಮಿರ್ಚಿ ಕೊಡುವುದು ನಮ್ಮ ಕಡೆಯ ಪ್ರೀತಿ. ಆದರೆ ಎಣ್ಣೆಯ ತಿನಿಸು ತಿಂದ ಕೆಲ ತಾಸು ಪ್ಲಾಸ್ಮಾ (ರಕ್ತದ ದ್ರವಭಾಗ) ಹಾಲಿನಂತೆ ಮಬ್ಬಾಗಬಹುದು, ಪರೀಕ್ಷೆಗೂ ತೊಡಕು, ಆ ಪ್ಲಾಸ್ಮಾ ವ್ಯರ್ಥವಾಗಲೂಬಹುದು. ಮೊದಲು ಇಡ್ಲಿ ಅಥವಾ ಕಡಿಮೆ ಎಣ್ಣೆಯ ಅವಲಕ್ಕಿ, ಜೊತೆಗೆ ಅರ್ಧ ಲೀಟರ್ ನೀರು ಸಾಕು. ಮಿರ್ಚಿ ಆಮೇಲೆ ಇರಲಿ.

ತಪಾಸಣೆಯ ಮೇಜಿನಲ್ಲಿ ಇವರ ಶಿಬಿರಕ್ಕೇ ಅಂಟಿದ ತೊಡಕೊಂದಿದೆ. ಫೌಜಿನಲ್ಲಿದ್ದವರಿಗೆ ‘ಅನ್‌ಫಿಟ್’ ಎನ್ನಿಸಿಕೊಳ್ಳುವುದು ಸಂಕಟ, ಹಾಗಾಗಿ ಕೆಲವರು ಗುಳಿಗೆಯ ಮಾತೇ ಎತ್ತುವುದಿಲ್ಲ. ಮುಚ್ಚಿಡುವ ಅಗತ್ಯವಿಲ್ಲ. ಬಿಪಿ ಗುಳಿಗೆ ನುಂಗುವವರಿಗೂ, ಕಳೆದ 28 ದಿನಗಳಲ್ಲಿ ಔಷಧಿ ಬದಲಾಗದೆ ಒತ್ತಡ ಹತೋಟಿಯಲ್ಲಿದ್ದರೆ, ವೈದ್ಯರು ಒಪ್ಪಿಗೆ ಕೊಡಬಹುದು. ಇನ್ಸುಲಿನ್ ತೆಗೆದುಕೊಳ್ಳುವವರು ಕೊಡುವಂತಿಲ್ಲ. ವಯಸ್ಸು 18ರಿಂದ 65, ಮೊದಲ ಸಲ ಕೊಡುವವರಿಗೆ 60 ದಾಟಿರಬಾರದು. ಹಿಮೋಗ್ಲೋಬಿನ್ ಕನಿಷ್ಠ 12.5 ಗ್ರಾಂ. 350 ಮಿ.ಲೀ. ಚೀಲಕ್ಕೆ 45 ಕೆ.ಜಿ. ತೂಕ ಸಾಕು, 450ರ ಚೀಲಕ್ಕೆ 55 ಕೆ.ಜಿ. ಮೀರಿರಬೇಕು. ಫೌಜು ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಬುಕ್ಕಿನಲ್ಲಿ ರಕ್ತದ ಗುಂಪು ಬರೆದಿದ್ದರೂ ಪ್ರತಿ ಸಲ ಹೊಸದಾಗಿ ಪರೀಕ್ಷೆಯಾಗುತ್ತದೆ, ಅದಕ್ಕೆ ಬೇಸರ ಬೇಡ.

ಗದಗಿನಲ್ಲಿ ಶಿಬಿರ ನಡೆದು ರಕ್ತ ಹುಬ್ಬಳ್ಳಿಗೆ ಹೋಗುವುದಿದ್ದರೆ ಸಂಘಟಕರು ಅಲ್ಲಿಯ ರಕ್ತ ಕೇಂದ್ರದವರನ್ನು ಕೇಳಲೇಬೇಕಾದ ಪ್ರಶ್ನೆ: ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ಬೇಕಾದ ಕಣ) ತೆಗೆಯುತ್ತೀರಾ? ತೆಗೆಯುವುದಾದರೆ ಚೀಲ 20–24 ಡಿಗ್ರಿಯಲ್ಲಿ ಸಾಗಬೇಕು, ಆರರಿಂದ ಎಂಟು ತಾಸಿನೊಳಗೆ ಕೇಂದ್ರದಲ್ಲಿ ಬೇರ್ಪಡಬೇಕು. ಎಲ್ಲವನ್ನೂ ಐಸ್ ಪೆಟ್ಟಿಗೆಗೆ ತುಂಬಿದರೆ ಕೆಂಪುಕಣ ಉಳಿಯುತ್ತದೆ, ಡೆಂಗಿ ರೋಗಿಗೆ ಬೇಕಾದ ಪ್ಲೇಟ್‌ಲೆಟ್ ಕೈತಪ್ಪುತ್ತದೆ. ಸಂಜೆ ಒಂದೇ ಗಾಡಿ ಬಿಡುವ ಬದಲು ಮಧ್ಯಾಹ್ನ ಒಂದು ಟ್ರಿಪ್ ಕಳಿಸುವುದು ಒಳ್ಳೆಯದು.

ಅಂಗಾಂಗ ದಾನದ ಮೇಜೂ ಇದ್ದರೆ ಬಿಡಬೇಡಿ. ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಜೀವಸಾರ್ಥಕತೆ ಎಂಬ ಸರ್ಕಾರಿ ಸಂಸ್ಥೆ. ಪ್ರತಿಜ್ಞೆ ಮಾಡಿದ ಮಾತ್ರಕ್ಕೆ ಮುಗಿಯಲಿಲ್ಲ, ಆ ಹೊತ್ತಿಗೆ ಮನೆಯವರು ಒಪ್ಪಬೇಕು. ಹೆಂಡತಿ ಮಕ್ಕಳನ್ನು ಜೊತೆಗೇ ಕರೆದೊಯ್ದು ಅವರೆದುರು ಸಹಿ ಮಾಡಿ. 65 ದಾಟಿ ರಕ್ತಕ್ಕೆ ಬೇಡವೆನ್ನಿಸಿಕೊಂಡ ಹಿರಿಯರು, ಬಿಪಿ ಸಕ್ಕರೆ ಇದ್ದರೂ, ಕಣ್ಣು ಕೊಡಬಹುದು. ತೀರಿಕೊಂಡ ಆರು ತಾಸಿನೊಳಗೆ ನೇತ್ರ ಭಂಡಾರಕ್ಕೆ ಸುದ್ದಿ ಮುಟ್ಟಿ ಅವರು ಬಂದು ತೆಗೆಯಬೇಕು. ಅಲ್ಲಿಯವರೆಗೆ ಫ್ಯಾನ್ ಆರಿಸಿ, ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಅರಿವೆ ಇಡಿ.

ಅರ್ಧ ಅಂಕ ಕಡಿದದ್ದು ತಾರೀಖಿಗೆ. ಜುಲೈ 26ರ ಕಾರ್ಗಿಲ್ ವಿಜಯ ದಿವಸಕ್ಕೆ ಎಲ್ಲರೂ ಒಟ್ಟಿಗೆ ತೋಳು ಚಾಚುತ್ತಾರೆ. ಮನಸ್ಸು ದೊಡ್ಡದು, ಆದರೆ ಪ್ಲೇಟ್‌ಲೆಟ್ ಬಾಳುವುದು ಐದು ದಿನ, ಕೆಂಪುಕಣ ಸಾಮಾನ್ಯ ಚೀಲದಲ್ಲಿ 35 ದಿನ. ಗಂಡಸರು 90 ದಿನ, ಹೆಂಗಸರು 120 ದಿನ ಮತ್ತೆ ಕೊಡುವಂತಿಲ್ಲವಾದ್ದರಿಂದ ಅಕ್ಟೋಬರ್ 1ರ ಸ್ವಯಂಪ್ರೇರಿತ ರಕ್ತದಾನ ದಿನಕ್ಕೆ ಇವರು ಯಾರೂ ಸಿಗುವುದಿಲ್ಲ. ನಡುವೆ ಇರುವುದು 67 ದಿನ ಮಾತ್ರ. ಸಂಘದವರು ಎರಡು ಪಾಳಿ ಮಾಡಲಿ. ಒಂದು ಪಾಳಿಗೆ ಜುಲೈ 26 ಮತ್ತು ಡಿಸೆಂಬರ್ 7ರ ಧ್ವಜ ದಿನ. ಇನ್ನೊಂದಕ್ಕೆ ಅಕ್ಟೋಬರ್ 1, ಜನವರಿ 15ರ ಸೇನಾ ದಿನ (120 ದಿನ ತುಂಬದ್ದರಿಂದ ಇದು ಗಂಡಸರಿಗೆ ಮಾತ್ರ), ಮತ್ತೆ ಮೇ ತಿಂಗಳು. ಕಾಲೇಜಿಗೆ ರಜೆ ಬಿದ್ದು ದಾನಿಗಳು ಕಡಿಮೆಯಾಗುವ ಬಿರುಬೇಸಿಗೆ ಅದು. ನೆಗೆಟಿವ್ ಗುಂಪಿನವರನ್ನು ಯಾವ ಪಾಳಿಗೂ ಸೇರಿಸದೆ, ಆಸ್ಪತ್ರೆಯಿಂದ ಕರೆ ಬಂದಾಗ ಹೋಗಲು ಬಿಡುವಾಗಿರಿಸಿಕೊಳ್ಳಲಿ. ಅವರ ಹೆಸರು, ಕೊನೆಯ ಸಲ ಕೊಟ್ಟ ತಾರೀಖು ರಿಜಿಸ್ಟರಿನ ಮೊದಲ ಪುಟದಲ್ಲೇ ಇರಲಿ.