ಮಾಸ್ತ್ರಿಕ್ಟಿನ ಡೊಮಿನಿಕಾನೆನ್: ಎರಡನೆಯ ಭೇಟಿಯಲ್ಲೂ ಗೆಲ್ಲುವ ಪುಸ್ತಕದಂಗಡಿ

ನೆದರ್‌ಲ್ಯಾಂಡ್ಸ್ ದೇಶದ ದಕ್ಷಿಣ ತುದಿಯಲ್ಲಿರುವ ಮಾಸ್ತ್ರಿಕ್ಟ್ ನಗರದಲ್ಲಿ ಡೊಮಿನಿಕನ್ ಸನ್ಯಾಸಿಗಳು ಕಟ್ಟಿಸಿ, 1294ರಲ್ಲಿ ಪ್ರತಿಷ್ಠೆ ನೆರವೇರಿಸಿದ ಕಲ್ಲಿನ ಚರ್ಚೊಂದಿದೆ. 1794ರಲ್ಲಿ ಫ್ರೆಂಚ್ ಸೇನೆ ನಗರವನ್ನು ವಶಪಡಿಸಿಕೊಂಡ ಮೇಲೆ ಅದು ಚರ್ಚಾಗಿ ಉಳಿಯಲಿಲ್ಲ. ಮುಂದಿನ ಎರಡು ಶತಮಾನಗಳಲ್ಲಿ ಸಿಕ್ಕಸಿಕ್ಕ ಕೆಲಸಕ್ಕೆಲ್ಲ ಒದಗಿ, ಕೊನೆಗೆ ಸೈಕಲ್ ನಿಲ್ಲಿಸುವ ಜಾಗವೂ ಆಯಿತು. 2006ರಲ್ಲಿ ಅದರೊಳಗೆ ಪುಸ್ತಕದಂಗಡಿ ತೆರೆಯಿತು. ಒಳಾಂಗಣವನ್ನು ರೂಪಿಸಿದವರು ಮರ್ಕ್ಸ್ ಪ್ಲಸ್ ಗಿರೋ ಎಂಬ ಡಚ್ ವಾಸ್ತುಶಿಲ್ಪ ಸಂಸ್ಥೆಯವರು. ಮರುವರ್ಷವೇ ಆ ಕೆಲಸಕ್ಕೆ ನೆದರ್‌ಲ್ಯಾಂಡ್ಸ್‌ನ ಒಳಾಂಗಣ ವಿನ್ಯಾಸ ಪ್ರಶಸ್ತಿಯೊಂದು ದೊರೆಯಿತು. ಇಂದು ಅಂಗಡಿಯ ಹೆಸರು ಬೂಕ್‌ಹಾಂಡೆಲ್ ಡೊಮಿನಿಕಾನೆನ್, ಅಂದರೆ ಡೊಮಿನಿಕನ್ನರ ಪುಸ್ತಕದಂಗಡಿ.

ಜಗತ್ತಿನ ಅತಿ ಸುಂದರ ಪುಸ್ತಕದಂಗಡಿಗಳ ಪಟ್ಟಿಗಳಲ್ಲಿ ಇದರ ಚಿತ್ರವನ್ನು ಹಲವರು ಕಂಡಿರುತ್ತಾರೆ. ನಾನು ಬರೆಯಬಯಸುವುದು ಆ ಸೌಂದರ್ಯದ ಬಗ್ಗೆ ಮಾತ್ರವಲ್ಲ. ಸಾರ್ವಜನಿಕ ಸ್ಥಳದ ಒಳಾಂಗಣವನ್ನು ಎರಡನೆಯ ಭೇಟಿಯಲ್ಲಿ ನೋಡಬೇಕು ಎಂಬುದು ನನ್ನ ನಂಬಿಕೆ. ಮೊದಲ ಬಾರಿ ಹೋದಾಗ ಬೆರಗೇ ಮುಂದಾಗಿ, ಉಳಿದೆಲ್ಲ ಹಿಂದೆ ಸರಿಯುತ್ತದೆ. ಮರುದಿನ ಒಂದು ಕೆಲಸ ಇಟ್ಟುಕೊಂಡು, ಒಂದು ಪುಸ್ತಕ ಹುಡುಕುವುದಕ್ಕೋ ಯಾರನ್ನೋ ಕಂಡು ಮಾತನಾಡುವುದಕ್ಕೋ ಹೋದಾಗ, ವಿನ್ಯಾಸ ಯಾರಿಗಾಗಿ ದುಡಿಯುತ್ತಿದೆ ಎಂಬುದು ಕಾಣತೊಡಗುತ್ತದೆ. ಆದ್ದರಿಂದ ಈ ಅಂಗಡಿಗೂ ಎರಡು ದಿನ ಹೋದೆ. ಮೊದಲ ದಿನ ನೋಡುವುದಕ್ಕೆ, ಎರಡನೆಯ ದಿನ ಕೊಳ್ಳುವುದಕ್ಕೆ.

ವಿನ್ಯಾಸಕಾರರ ಎದುರಿಗಿದ್ದ ತೊಡಕು ಬಹಳ ಸರಳವಾದುದು. ಮಾರಾಟಕ್ಕೆ ಸುಮಾರು 1200 ಚದರ ಮೀಟರ್ ಜಾಗ ಬೇಕಿತ್ತು. ಚರ್ಚಿನ ನೆಲದಲ್ಲಿ ದೊರೆಯುತ್ತಿದ್ದುದು ಸುಮಾರು 750. ಇಂಥ ಸಂದರ್ಭದಲ್ಲಿ ಯಾರಿಗಾದರೂ ಮೊದಲು ಹೊಳೆಯುವುದು, ಕಟ್ಟಡದ ನಡುವೆ ಅಡ್ಡಲಾಗಿ ಒಂದು ಮಹಡಿ ಹಾಕಿಬಿಡುವುದು. ಹಾಗೆ ಮಾಡಿದ್ದರೆ ಲೆಕ್ಕ ಸರಿಹೋಗುತ್ತಿತ್ತು, ಆದರೆ ಚರ್ಚು ಸಾಯುತ್ತಿತ್ತು. ಗಾಥಿಕ್ ಕಟ್ಟಡದ ಜೀವವಿರುವುದೇ ನೆಲದಿಂದ ಕಮಾನು ಛಾವಣಿಯವರೆಗೆ ಎಲ್ಲಿಯೂ ಕಡಿಯದೆ ಏರುವ ಎತ್ತರದಲ್ಲಿ. ಆ ಆಲೋಚನೆಯನ್ನು ಬಿಟ್ಟು ಅವರು ಮಾಡಿದ್ದು ಇಷ್ಟು: ಕಪ್ಪು ಉಕ್ಕಿನ, ಹಲವು ಅಂತಸ್ತುಗಳ, ಜನ ಒಳಹೊಕ್ಕು ಏರಬಹುದಾದ ಒಂದು ಭಾರಿ ಕಪಾಟನ್ನು ಚರ್ಚಿನ ಬಲಬದಿಗೆ ನಿಲ್ಲಿಸಿದರು. ಎಡಬದಿಯಲ್ಲಿ ಪುಸ್ತಕದ ಮೇಜುಗಳನ್ನೂ ಅರೆಗಳನ್ನೂ ತಗ್ಗಾಗಿಯೇ ಉಳಿಸಿದರು. ಬೇಕಾದ ಜಾಗವೆಲ್ಲ ಬಲಗಡೆ ಮೇಲುಮೇಲಕ್ಕೆ ಬೆಳೆಯಿತು. ಎಡಗಡೆ ಕಂಬಗಳ ಸಾಲು, ಎತ್ತರದ ಕಿಟಕಿಗಳು, ಛಾವಣಿ ಎಲ್ಲವೂ ಇದ್ದ ಹಾಗೆಯೇ ಉಳಿದವು.

ಹಳೆಯ ಕಟ್ಟಡವನ್ನು ಹೊಸ ಬಳಕೆಗೆ ತರುವವರಲ್ಲಿ ಎರಡು ಬಗೆಯ ತಪ್ಪುಗಳನ್ನು ನಾವು ಮತ್ತೆಮತ್ತೆ ಕಾಣುತ್ತೇವೆ. ಕೆಲವರು ಹಳೆಯದನ್ನು ಅನುಕರಿಸಿ, ಕಮಾನಿನ ಪಕ್ಕದಲ್ಲಿ ಪ್ಲಾಸ್ಟರಿನ ಸುಳ್ಳು ಕಮಾನು ನಿಲ್ಲಿಸುತ್ತಾರೆ. ಕೆಲವರು ಹಳೆಯದನ್ನು ಬರಿಯ ಹಿನ್ನೆಲೆಯ ಪರದೆ ಮಾಡಿಕೊಂಡು ತಮ್ಮ ಕೈಚಳಕವನ್ನು ಮೆರೆಸುತ್ತಾರೆ. ಇಲ್ಲಿ ಕಪಾಟು ತಾನು ಹೊಸದೆಂಬುದನ್ನು ಮರೆಮಾಚುವುದಿಲ್ಲ. ಅದು ಉಕ್ಕು, ಕಪ್ಪು, ನೇರ ಗೆರೆಗಳದ್ದು. ಅದರ ಬಳಿಯ ಕಲ್ಲು ತಿಳಿಬಣ್ಣದ್ದು, ಬಾಗಿದ ಗೆರೆಗಳದ್ದು. ಯಾವುದು 13ನೆಯ ಶತಮಾನದ್ದು, ಯಾವುದು 21ನೆಯ ಶತಮಾನದ್ದು ಎಂದು ಮಗುವೂ ಹೇಳಬಲ್ಲದು. ಹೊಸ ರಚನೆ ಕಟ್ಟಡದ ಒಳಗಿದ್ದೂ ಅದಕ್ಕೆ ಹೊರೆಯಾಗದೆ, ಮನೆಗೆ ಬಂದ ಮರ್ಯಾದಸ್ಥ ನೆಂಟನ ಹಾಗೆ ನಿಂತಿದೆ.

ಮೊದಲ ದಿನ, ಬಾಗಿಲು ದಾಟಿದ ಕೂಡಲೇ ಎಲ್ಲರಂತೆ ನನ್ನ ತಲೆಯೂ ಮೇಲಕ್ಕೆ ಎತ್ತಿತು. ಮೆಟ್ಟಿಲು ಹತ್ತಿದಾಗ ದೊರೆತದ್ದು ಇನ್ನೂ ಅಪರೂಪದ ಅನುಭವ. ಕಂಬದ ಬೋದಿಗೆ, ಅಂದರೆ ಕಂಬದ ನೆತ್ತಿಯ ಭಾಗ, ಕೆಳಗೆ ನಿಂತು ಕತ್ತು ನೋಯಿಸಿಕೊಂಡು ನೋಡಬೇಕಾದ ಭಾಗ. ಇಲ್ಲಿ ಪುಸ್ತಕ ಹಿಡಿದ ಓದುಗನ ನೋಟ ಆ ಬೋದಿಗೆಗಳ ಎತ್ತರಕ್ಕೇ ಏರುತ್ತದೆ. ಛಾವಣಿಯಲ್ಲಿ ಮಾಸಿದ ಹಳೆಯ ಚಿತ್ರಗಳ ಉಳಿಕೆ ಹತ್ತಿರವಾಗುತ್ತದೆ. ಆ ಕಾಲದ ಚಿತ್ರಕಾರನಿಗೂ ಅಟ್ಟಣೆ ಕಟ್ಟಿದ ಕೆಲಸಗಾರರಿಗೂ ಮಾತ್ರ ಕಂಡಿರಬಹುದಾದ ನೋಟ ಇದು. ಪುಸ್ತಕ ಮಾರುವ ಅನುಕೂಲಕ್ಕಾಗಿ ಮಾಡಿದ ಏರ್ಪಾಡು ಕಟ್ಟಡವನ್ನು ನೋಡುವ ಹೊಸ ದಾರಿಯನ್ನೂ ತೆರೆದಿದೆ ಎಂಬುದನ್ನು ನಾನು ಈ ವಿನ್ಯಾಸದ ಅತಿ ದೊಡ್ಡ ಗುಣವೆಂದು ಎಣಿಸುತ್ತೇನೆ.

ಎರಡನೆಯ ದಿನ ನಾನು ಗಮನಿಸಿದ್ದು ಬೇರೆ ಸಂಗತಿಗಳನ್ನು. ಕ್ಯಾಮೆರಾ ಹಿಡಿದು ಬಂದವರು ಬಹುಪಾಲು ಎಡಗಡೆಯ ತೆರವಿನಲ್ಲೇ ನಿಲ್ಲುತ್ತಾರೆ, ಏಕೆಂದರೆ ಚಿತ್ರಕ್ಕೆ ಬೇಕಾದ ದೂರ ಸಿಗುವುದು ಅಲ್ಲಿಯೇ. ಓದುವವರು ಬಲಗಡೆಯ ಕಪಾಟಿನ ಒಳಗಿನ ಓಣಿಗಳಿಗೆ ಸರಿದುಹೋಗುತ್ತಾರೆ. ಫಲಕ ಹಾಕಿ ಯಾರನ್ನೂ ತಡೆಯದೆ, ಎರಡು ಬಗೆಯ ಜನ ಒಬ್ಬರಿಗೊಬ್ಬರು ಅಡ್ಡವಾಗದಂತೆ ಕಟ್ಟಡವೇ ನೋಡಿಕೊಳ್ಳುತ್ತದೆ. ಎರಡೂ ಬದಿಗೆ ಸಮಸಮವಾಗಿ ಕಪಾಟು ನಿಲ್ಲಿಸಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ. ಓಣಿಯೊಳಗೆ ಹೊಕ್ಕಮೇಲೆ ಜಾಗದ ಅಳತೆಯೂ ಬದಲಾಗುತ್ತದೆ: ಹೊರಗೆ ಸೇನೆ ನಿಲ್ಲಿಸಬಹುದಾದಷ್ಟು ಬಯಲು, ಒಳಗೆ ಇಬ್ಬರು ಮೂವರಿಗೆ ಹಿಡಿಸುವ ಸಣ್ಣ ಕೋಣೆಯ ಆಪ್ತತೆ. ಓದಬಯಸುವವನಿಗೆ ಬೆನ್ನಿಗೊಂದು ಆಸರೆ ಬೇಕು. ದೊಡ್ಡ ಜಾಗಗಳನ್ನು ರೂಪಿಸುವವರು ಮರೆಯುವುದು ಇದನ್ನೇ. ಮೇಲಕ್ಕೆ ಹೋಗಲು ಮೆಟ್ಟಿಲಿನ ಜೊತೆಗೆ ಲಿಫ್ಟೂ ಇರುವುದನ್ನು ಇಲ್ಲಿಯೇ ಹೇಳಬೇಕು. ಇಲ್ಲದಿದ್ದರೆ ನಾನು ಹೊಗಳಿದ ಆ ನೋಟ ಗಟ್ಟಿ ಮೊಣಕಾಲಿನವರ ಪಾಲಿಗೆ ಮಾತ್ರ ಉಳಿಯುತ್ತಿತ್ತು.

ಸದ್ದಿನ ವಿಚಾರದಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುವುದಕ್ಕೆ ಕಾರಣವಿದೆ. ಕೆಲವು ತಿಂಗಳ ಹಿಂದೆ, ಚಿತ್ರಗಳಲ್ಲಿ ಬಹಳ ಚೆಂದ ಕಾಣುತ್ತಿದ್ದ ಒಂದು ರೆಸ್ಟೋರೆಂಟಿಗೆ ಸ್ನೇಹಿತರ ಕುಟುಂಬದೊಂದಿಗೆ ಹೋಗಿದ್ದೆ. ನೆಲಕ್ಕೆ ನುಣುಪಾದ ಕಲ್ಲು, ಗೋಡೆಗೆ ಗಾಜು, ಮೇಲೆ ಬರಿಯ ಕಾಂಕ್ರೀಟು, ಅದರಿಂದ ಇಳಿಬಿಟ್ಟ ತಾಮ್ರದ ತಗಡುಗಳು. ಜನ ತುಂಬುತ್ತಿದ್ದಂತೆ ಗದ್ದಲ ಏರಿತು. ಗದ್ದಲ ಏರಿದ್ದಕ್ಕೆ ಎಲ್ಲರೂ ದನಿ ಏರಿಸಿದರು. ಕಿವಿಗೆ ಶ್ರವಣಯಂತ್ರ ಹಾಕಿಕೊಳ್ಳುವ ಸ್ನೇಹಿತರ ತಾಯಿಯವರು ಅರ್ಧ ಊಟದ ಹೊತ್ತಿಗೆ ಮಾತು ನಿಲ್ಲಿಸಿ ಸುಮ್ಮನೆ ಕುಳಿತರು. ಆ ಮೌನ ನನ್ನನ್ನು ಇಂದಿಗೂ ನೋಯಿಸುತ್ತದೆ. ಜನರನ್ನು ಒಂದೆಡೆ ಸೇರಿಸಲೆಂದೇ ಕಟ್ಟಿದ ಜಾಗದಲ್ಲಿ ಹಿರಿಯರೊಬ್ಬರು ಒಂಟಿಯಾದರು, ಅದೂ ತಡೆಯಬಹುದಾಗಿದ್ದ ಕಾರಣಕ್ಕೆ.

ಇದರ ಹಿಂದಿನ ವಿಜ್ಞಾನ ಹೊಸದೇನಲ್ಲ. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಫಾಗ್ ವಸ್ತುಸಂಗ್ರಹಾಲಯದ ಹೊಸ ಉಪನ್ಯಾಸ ಕೊಠಡಿಯಲ್ಲಿ ಮಾತು ಅರ್ಥವಾಗುತ್ತಿಲ್ಲವೆಂಬ ದೂರು ಬಂದಾಗ, ವ್ಯಾಲೇಸ್ ಸಬೈನ್ ಎಂಬ ತರುಣ ಭೌತವಿಜ್ಞಾನಿಗೆ ಅದನ್ನು ಸರಿಪಡಿಸುವ ಹೊಣೆ ಬಿತ್ತು. ಅಲ್ಲಿ ಒಮ್ಮೆ ಎದ್ದ ಸದ್ದು ಸುಮಾರು 5.5 ಸೆಕೆಂಡುಗಳ ಕಾಲ ಕೇಳುವಷ್ಟು ಉಳಿಯುತ್ತಿತ್ತು. ಅವರು ಹತ್ತಿರದ ಸಭಾಂಗಣದಿಂದ ಕುರ್ಚಿಗಳ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಕೊಠಡಿಯಲ್ಲಿ ಹರಡಿ, ಅಳೆದು, ಬೆಳಗಾಗುವ ಮುನ್ನ ಹಿಂದಿರುಗಿಸುತ್ತಿದ್ದರು. ಅನುರಣನದ ಕಾಲ, ಅಂದರೆ ಎದ್ದ ಸದ್ದು ಮೊಳಗುತ್ತ ಉಳಿಯುವ ಹೊತ್ತು, ಕೊಠಡಿಯ ಗಾತ್ರದೊಂದಿಗೆ ಹೆಚ್ಚುತ್ತದೆ, ಸದ್ದನ್ನು ಹೀರುವ ಮೇಲ್ಮೈ ಹೆಚ್ಚಿದಂತೆ ಇಳಿಯುತ್ತದೆ ಎಂಬ ನಿಯಮ ಆ ರಾತ್ರಿಗಳಲ್ಲಿ ದೊರೆಯಿತು. ಗಾಜು, ಕಲ್ಲು, ಕಾಂಕ್ರೀಟುಗಳು ಸದ್ದನ್ನು ಹೀರುವುದು ತೀರ ಕಡಿಮೆ. ಬಟ್ಟೆ, ಮೆತ್ತೆ, ಕಾಗದ, ಮನುಷ್ಯರ ಮೈ ಇವು ಹೆಚ್ಚು ಹೀರುತ್ತವೆ. ಕಲ್ಲಿನ ಚರ್ಚು ಸಹಜವಾಗಿಯೇ ಮೊಳಗುವ ಕಟ್ಟಡ. ಅದರೊಳಗೆ ಸಾಲುಸಾಲಾಗಿ, ಬೇರೆಬೇರೆ ದಪ್ಪದಲ್ಲಿ ನಿಂತ ಪುಸ್ತಕಗಳು ಸದ್ದನ್ನು ಸ್ವಲ್ಪ ಹೀರಿ, ಸ್ವಲ್ಪ ಚದುರಿಸುತ್ತವೆ. ಕಪಾಟಿನ ಓಣಿಗಳಲ್ಲಿ ಮೆಲುದನಿಯ ಮಾತು ನನಗೆ ಸ್ಪಷ್ಟವಾಗಿ ಕೇಳಿಸಿತು. ಇಲ್ಲಿ ಮಾರಾಟದ ಸರಕೇ ಗೋಡೆಯ ಹೊದಿಕೆಯ ಕೆಲಸ ಮಾಡುತ್ತಿದೆ.

ಮೆಚ್ಚದಿರುವುದನ್ನೂ ಹೇಳಬೇಕು. ಚರ್ಚಿನ ಒಳತುದಿಯಲ್ಲಿ, ಹಿಂದೆ ಪೂಜಾಪೀಠವಿರುತ್ತಿದ್ದ ಭಾಗದಲ್ಲಿ, ಕಾಫಿ ಕುಡಿದು ಕೂರುವ ವ್ಯವಸ್ಥೆಯಿದೆ. ಅಲ್ಲಿ ಶಿಲುಬೆಯ ಆಕಾರದ ಉದ್ದನೆಯ ಓದುವ ಮೇಜೊಂದನ್ನು ಇಟ್ಟಿದ್ದಾರೆ. ಚಿತ್ರಗಳಲ್ಲಿ ಎಲ್ಲರೂ ತೋರಿಸುವುದು ಅದನ್ನೇ. ಕಪಾಟಿನ ವಿಷಯದಲ್ಲಿ ಅಷ್ಟು ಸಂಯಮ ತೋರಿದವರು ಇಲ್ಲಿ ‘ಇದು ಚರ್ಚು’ ಎಂದು ಬಾಯಿಬಿಟ್ಟು ಹೇಳಿದ್ದಾರೆ. ಕಮಾನುಗಳು ಅದನ್ನು ಮೊದಲೇ ಹೇಳಿವೆ. ಮೇಜಿಗೆ ಉದ್ದವಿದೆ, ಬೆಳಕಿದೆ, ಅಪರಿಚಿತರನ್ನು ಒಂದೆಡೆ ಕೂರಿಸುವ ಗುಣವಿದೆ. ಬರಿಯ ಉದ್ದ ಮೇಜಾಗಿದ್ದರೂ ಇವೆಲ್ಲ ಇರುತ್ತಿದ್ದವು. ಕೆಲವರ ಶ್ರದ್ಧೆಗೆ ಅದು ನೋವು ತರಬಹುದು, ಕೆಲವರಿಗೆ ಹಿತವೆನಿಸಬಹುದು. ನನ್ನ ಆಕ್ಷೇಪ ಅದು ಅಗತ್ಯವಿರಲಿಲ್ಲ ಎಂಬಷ್ಟೇ.

ಹೋಲಿಕೆಗೆ ಬ್ಯೂನಸ್ ಐರಿಸ್ ನಗರದ ಎಲ್ ಅತೆನೆಯೋ ಗ್ರ್ಯಾಂಡ್ ಸ್ಪ್ಲೆಂಡಿಡ್ ನೆನಪಾಗುವುದು ಸಹಜ. 1919ರಲ್ಲಿ ರಂಗಮಂದಿರವಾಗಿ ಕಟ್ಟಿದ ಅದು 2000ದಲ್ಲಿ ಪುಸ್ತಕದಂಗಡಿಯಾಯಿತು. ವೇದಿಕೆಯಲ್ಲಿ ಈಗ ಕಾಫಿ ಸಿಗುತ್ತದೆ, ಕೆಂಪು ಪರದೆ ಹಾಗೆಯೇ ಇದೆ, ಪ್ರೇಕ್ಷಕರ ಬಾಲ್ಕನಿಗಳಲ್ಲಿ ಪುಸ್ತಕದ ಅರೆಗಳಿವೆ. ವೈಭವದಲ್ಲಿ ಅದು ಮುಂದು. ಆದರೆ ರಂಗಮಂದಿರಕ್ಕೆ ಬಾಲ್ಕನಿಗಳು ಹುಟ್ಟಿನಿಂದಲೇ ಇದ್ದವು, ಜನ ಮೇಲೆ ಹತ್ತಿ ನಿಲ್ಲುವುದಕ್ಕೆ ದಾರಿ ಸಿದ್ಧವಾಗಿಯೇ ಇತ್ತು. ಮಾಸ್ತ್ರಿಕ್ಟಿನಲ್ಲಿ ಆ ದಾರಿಯನ್ನೇ ಕಲ್ಪಿಸಬೇಕಾಯಿತು. ಕಲ್ಪಕತೆಯ ಮಟ್ಟಿಗೆ ನನ್ನ ಒಲವು ಇತ್ತಲೇ.

ಚೀನಾದ ತಿಯಾನ್‌ಜಿನ್ ಬಿನ್‌ಹಾಯ್ ಗ್ರಂಥಾಲಯ ಮತ್ತೊಂದು ತುದಿಯ ಉದಾಹರಣೆ. ಡಚ್ ಸಂಸ್ಥೆ ಎಂವಿಆರ್‌ಡಿವಿ ವಿನ್ಯಾಸಗೊಳಿಸಿ 2017ರಲ್ಲಿ ತೆರೆದ ಆ ಕಟ್ಟಡದಲ್ಲಿ, ನಡುವಿನ ಹೊಳೆಯುವ ಗೋಲದ ಸುತ್ತ ಅಲೆಅಲೆಯಾಗಿ ಅರೆಗಳು ಛಾವಣಿಯವರೆಗೆ ಏರುತ್ತವೆ. ನೋಟ ಅದ್ಭುತ. ಆದರೆ ಮೇಲಿನ ಅರೆಗಳಿಗೆ ಹಿಂಬದಿಯಿಂದ ಹೋಗಲು ಯೋಜಿಸಿದ್ದ ದಾರಿಗಳನ್ನು ಕಟ್ಟುವ ಅವಸರದಲ್ಲಿ ಕೈಬಿಡಲಾಯಿತು. ಹೀಗಾಗಿ ಅಲ್ಲಿರುವುದು ಪುಸ್ತಕಗಳ ಚಿತ್ರ ಮುದ್ರಿಸಿದ ಅಲ್ಯೂಮಿನಿಯಂ ಹಲಗೆಗಳು. ಆ ಬದಲಾವಣೆ ತಮ್ಮ ಸಲಹೆಗೆ ವಿರುದ್ಧವಾಗಿ ನಡೆದದ್ದೆಂದು ವಿನ್ಯಾಸಕಾರರೇ ಹೇಳಿದ್ದಾರೆ. ಮೊದಲ ಭೇಟಿಯಲ್ಲಿ ಇದು ಯಾರಿಗೂ ಬಾಧಿಸದು. ಎರಡನೆಯ ಭೇಟಿಯಲ್ಲಿ, ಮೇಲಿನ ಅರೆಯತ್ತ ಕೈ ತೋರಿಸಿ ಆ ಪುಸ್ತಕ ಬೇಕೆಂದು ಕೇಳುವ ಮಗುವಿಗೆ ಏನು ಹೇಳುವುದು?

ದಿನವೂ ಹಾದುಹೋಗುವವರಿಗಾಗಿ ರೂಪಿಸಿದ ಜಾಗಗಳಲ್ಲಿ ನಾನು ಸ್ಟಾಕ್‌ಹೋಮಿನ ಮೆಟ್ರೋವನ್ನು ಮೇಲೆತ್ತಿ ಹಿಡಿಯುತ್ತೇನೆ. ಅದರ ನಡುವಿನ ಟಿ-ಸೆಂಟ್ರಾಲೆನ್ ನಿಲ್ದಾಣದ ನೀಲಿ ಮಾರ್ಗದ ಭಾಗವನ್ನು 1975ರಲ್ಲಿ ತೆರೆದಾಗ, ಬಂಡೆಯ ಉಬ್ಬುತಗ್ಗುಗಳನ್ನು ಮುಚ್ಚದೆ, ಅದರ ಮೇಲೆಯೇ ಪೆರ್ ಊಲೊಫ್ ಉಲ್ಟ್‌ವೆಡ್ಟ್ ಎಂಬ ಕಲಾವಿದರು ನೀಲಿ ಬಳ್ಳಿಗಳನ್ನು ಬಿಡಿಸಿದರು. ನೀಲಿಯನ್ನು ಆರಿಸಿದ್ದು ಅವಸರದಲ್ಲಿ ರೈಲು ಬದಲಿಸುವವರಿಗೆ ಅದು ನೆಮ್ಮದಿ ಕೊಡಲೆಂದು. ಅದೇ ಗೋಡೆಯಲ್ಲಿ ಆ ನಿಲ್ದಾಣವನ್ನು ಕಟ್ಟಿದ ಕೆಲಸಗಾರರ ನೆರಳುಚಿತ್ರಗಳೂ ಇವೆ. ಸಾವಿರ ಸಲ ನೋಡಿದರೂ ಬೇಸರ ತರಿಸದ ಕಲೆಗೆ ಈ ಬಗೆಯ ಮೃದುತ್ವ ಬೇಕು.

ಡೊಮಿನಿಕಾನೆನ್ ಎಂಥ ಅಂಗಡಿ ಎಂಬುದಕ್ಕೆ ಅದರ ಇತಿಹಾಸವೇ ಒಂದು ಸಾಕ್ಷಿ ಒದಗಿಸಿದೆ. 2014ರಲ್ಲಿ ಅದನ್ನು ನಡೆಸುತ್ತಿದ್ದ ಅಂಗಡಿಗಳ ಸರಪಳಿ ದಿವಾಳಿಯಾದಾಗ, ಇಲ್ಲಿಯ ಸಿಬ್ಬಂದಿ ಜನರ ಮುಂದೆ ಕೈಚಾಚಿದರು. ಓದುಗರು ಒಟ್ಟುಗೂಡಿಸಿಕೊಟ್ಟ ಹಣ ಒಂದು ಲಕ್ಷ ಯೂರೋ ದಾಟಿತು, ಅಂಗಡಿ ಸ್ವತಂತ್ರವಾಗಿ ಮತ್ತೆ ನಿಂತಿತು. ಚಿತ್ರ ತೆಗೆದುಕೊಂಡು ಹೊರಟುಹೋದ ಪ್ರವಾಸಿಗರಿಂದಲೇ ಅಷ್ಟು ಹಣ ಬಂದಿರಲಾರದು ಎಂದು ನಾನು ಭಾವಿಸುತ್ತೇನೆ.

ಹೋಗುವವರು ಮೊದಲು ಎಡಗಡೆಯ ತಗ್ಗು ಮೇಜುಗಳ ನಡುವೆ ನಿಧಾನವಾಗಿ ಒಳತುದಿಯವರೆಗೆ ನಡೆದು, ಅಲ್ಲಿಂದ ಹಿಂದಿರುಗಿ ನೋಡಲಿ. ಕಪಾಟು ಚರ್ಚಿನ ಎಷ್ಟು ಭಾಗವನ್ನು ಮುಟ್ಟದೆ ಬಿಟ್ಟಿದೆ ಎಂಬುದು ಆ ಕೋನದಿಂದ ಚೆನ್ನಾಗಿ ತಿಳಿಯುತ್ತದೆ. ಆಮೇಲೆ ಮೇಲಕ್ಕೆ ಏರಲಿ. ಸಾಧ್ಯವಾದರೆ ಆ ಊರಿನಲ್ಲಿ ಒಂದು ರಾತ್ರಿ ಉಳಿದು, ಮರುದಿನ ಕ್ಯಾಮೆರಾವನ್ನು ಕೋಣೆಯಲ್ಲೇ ಬಿಟ್ಟು, ಬೇಕಾದ ಒಂದು ಪುಸ್ತಕದ ಹೆಸರನ್ನು ಮನಸ್ಸಿನಲ್ಲಿಟ್ಟುಕೊಂಡು ಮತ್ತೊಮ್ಮೆ ಹೋಗಲಿ.