ಮೈನ್‌ಕ್ರಾಫ್ಟ್, ಕೋಡ್‌ಕಾಂಬ್ಯಾಟ್, ಬ್ಲಾಕ್ಲಿ: ನನ್ನ ಓಟು ಪುಕ್ಕಟೆಯದಕ್ಕೇ

ನಮ್ಮ ಶಾಲೆಯ ಆಡಳಿತ ಮಂಡಳಿಯವರು ದುಡ್ಡು ಕೊಟ್ಟು ಮೈನ್‌ಕ್ರಾಫ್ಟ್ ಎಜುಕೇಶನ್ (ಕಲ್ಲು-ಇಟ್ಟಿಗೆ ಪೇರಿಸಿ ಲೋಕ ಕಟ್ಟುವ ಆಟದ ಶಾಲಾ ಆವೃತ್ತಿ) ಲೈಸೆನ್ಸ್ ತರಿಸಿದರು. ಆದರೂ ಎಂಟನೇ ಕ್ಲಾಸಿಗೆ ಕೋಡಿಂಗ್ ಕಲಿಸಲು ನಾನು ಹಾಕಿಕೊಡುವುದು ಗೂಗಲ್‌ನಲ್ಲಿ ಹುಟ್ಟಿದ, ಪುಕ್ಕಟೆ ಸಿಗುವ ಬ್ಲಾಕ್ಲಿ ಗೇಮ್ಸ್. ನಡುವೆ ಕೋಡ್ ಬರೆದು ಹೀರೋನನ್ನು ನಡೆಸುವ ಕೋಡ್‌ಕಾಂಬ್ಯಾಟ್ ಆಟವನ್ನೂ ಆಡಿಸಿ ನೋಡಿದೆ.

ನೋಡೋಕೆ ಮೈನ್‌ಕ್ರಾಫ್ಟ್ ಮುಂದೆ ಉಳಿದೆರಡೂ ಸಪ್ಪೆ. ತೊಂದರೆ ಬೇರೆ ಕಡೆ ಇದೆ. ಮೈನ್‌ಕ್ರಾಫ್ಟ್‌ನಲ್ಲಿ 'ಸಿ' ಕೀ ಒತ್ತಿದರೆ ಕೋಡ್ ಬರೆಯುವ ಕಿಟಕಿ, ಕೋಡ್ ಬಿಲ್ಡರ್ ತೆರೆಯುತ್ತದೆ. ಆಜ್ಞೆಗಳ ಬ್ಲಾಕ್ ಜೋಡಿಸಿಯೋ ಪೈಥಾನ್ ಎಂಬ ಕೋಡಿಂಗ್ ಭಾಷೆಯಲ್ಲಿ ಬರೆದೋ ಏಜೆಂಟ್ ಎಂಬ ಪುಟ್ಟ ರೋಬೋ ಕೈಲಿ ಕೆಲಸ ಮಾಡಿಸಬೇಕು. ಹತ್ತು ಕಲ್ಲು ಸಾಲಾಗಿ ಇಡಿಸಿ ಎಂದರೆ ಹುಡುಗರು ಲೂಪ್ (ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಕೋಡ್) ಬರೆಯುತ್ತಾರಾ? ಮೌಸ್ ಹಿಡಿದು ಟಕಟಕ ತಾವೇ ಇಟ್ಟುಬಿಡುತ್ತಾರೆ. "ಆಯ್ತು ಸಾರ್, ಮನೇನೂ ಕಟ್ಟಿದೆ!" ಏಜೆಂಟ್ ಪಾಡಿಗೆ ಏಜೆಂಟ್ ಮೂಲೆಯಲ್ಲಿ ನಿಂತಿರುತ್ತದೆ.

ಬೈಯೋಕೂ ಆಗಲ್ಲ. ಕೈಯಲ್ಲೇ ಮುಗಿಯುವ ಕೆಲಸಕ್ಕೆ ಕೋಡ್ ಯಾಕೆ ಅನ್ನೋ ಅವರ ಲೆಕ್ಕ ಸರಿಯಾಗೇ ಇದೆ. ಉದ್ದ ಐವತ್ತು, ಅಗಲ ಐವತ್ತರ ಅಂಗಳ ಹಾಸಿ ಎಂದಾಗ ಮಾತ್ರ ಲೂಪ್ ನೆನಪಾಗುತ್ತದೆ. 2,500 ಕಲ್ಲು ಒಂದೊಂದಾಗಿ ಇಡುವ ತಾಳ್ಮೆ ಯಾರಿಗಿದೆ? ಮಕ್ಕಳು ಕಂಡಕಂಡಲ್ಲಿ ಕಟ್ಟದಂತೆ, ಒಡೆಯದಂತೆ ತಡೆಯಲು ಡಿನೈ ಬ್ಲಾಕ್ ಎಂಬುದೂ ಉಂಟು. ಆದರೆ ಅದನ್ನು ನೆಲದಡಿ ಹಾಸಿ ಅಖಾಡ ತಯಾರು ಮಾಡೋಕೆ ಹಿಂದಿನ ದಿನ ಸಂಜೆ ನಾನೇ ಕೂರಬೇಕು.

ಬ್ಲಾಕ್ಲಿಯ ಮೇಜ್ (ದಾರಿ ಹುಡುಕುವ) ಆಟದಲ್ಲಿ ಈ ಕಳ್ಳದಾರಿಯೇ ಇಲ್ಲ. ಕೋಡ್ ಓಡಿಸದೆ ಬೊಂಬೆ ಒಂದು ಹೆಜ್ಜೆ ಇಡುವುದಿಲ್ಲ. ಮೂರನೇ ಹಂತದಲ್ಲಿ ದಾರಿ ಉದ್ದ, ಕೊಡುವ ಬ್ಲಾಕ್ ಎರಡೇ. 'ಮುಂದೆ ಹೋಗು' ಪೇರಿಸುತ್ತಾ ಹೋದ ಹುಡುಗಿ ಎರಡಕ್ಕೇ ಸಿಕ್ಕಿಬೀಳುತ್ತಾಳೆ. ಒಂದನ್ನು ಕಸದ ಬುಟ್ಟಿಗೆಳೆದು, ಇನ್ನೊಂದನ್ನು 'ಗುರಿ ಮುಟ್ಟುವ ತನಕ ಮತ್ತೆ ಮತ್ತೆ ಮಾಡು' ಎನ್ನುವ ಬ್ಲಾಕಿನ ಹೊಟ್ಟೆಗೆ ತೂರಿಸುತ್ತಾಳೆ. ಲೂಪ್ ಪಾಠ ಆಯಿತು, ಬೋರ್ಡ್ ಮೇಲೆ ನಾನಿನ್ನೂ ಏನೂ ಬರೆದಿಲ್ಲ! ಗೆದ್ದ ಮೇಲೆ ಅದೇ ಉತ್ತರವನ್ನು ಜಾವಾಸ್ಕ್ರಿಪ್ಟ್ ಎಂಬ ಕೋಡಿಂಗ್ ಭಾಷೆಯಲ್ಲೂ ತೋರಿಸುತ್ತದೆ. ಕೊನೆಯ ಪಾಂಡ್ ಆಟದಲ್ಲಿ ಕೋಡನ್ನು ಟೈಪ್ ಮಾಡಿಯೇ ಬರೆಯಬಹುದು.

ಕೋಡ್‌ಕಾಂಬ್ಯಾಟ್‌ನಲ್ಲೂ ಕೋಡ್ ಬರೆಯದೆ ಹೀರೋ ಅಲ್ಲಾಡಲ್ಲ, ಅದೂ ನಿಜವಾದ ಪೈಥಾನ್. ಆದರೆ 'ಹೀರೋ ಡಾಟ್ ಮೂವ್‌ರೈಟ್' ಬರೆಯುವಾಗ ನಡುವಿನ 'ಆರ್' ದೊಡ್ಡಕ್ಷರವಾಗಬೇಕು, ಕೊನೆಗೆ ಖಾಲಿ ಬ್ರಾಕೆಟ್ ಬೇಕು. ಕನ್ನಡ ಮೀಡಿಯಂ ಮಕ್ಕಳು ಶಿಫ್ಟ್ ಕೀ ಹುಡುಕುವುದರಲ್ಲೇ ಅರ್ಧ ಪೀರಿಯಡ್ ಹೋಗುತ್ತದೆ. ಇಂಟರ್‌ನೆಟ್ ಬೇರೆ ಬೇಕು.

ಬ್ಲಾಕ್ಲಿಯನ್ನು ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡರೆ ನೆಟ್ ಹೋದರೂ ಚಿಂತೆಯಿಲ್ಲ. ಲಾಗಿನ್ ಇಲ್ಲ, ಮರೆಯಲು ಪಾಸ್‌ವರ್ಡೂ ಇಲ್ಲ.

ಹಾಗಾಗಿ ಎಂಟನೇ ಕ್ಲಾಸಿಗೆ ಬ್ಲಾಕ್ಲಿ. ಒಂಬತ್ತರಲ್ಲಿ ಟೈಪಿಂಗ್ ಕೈಗೆ ಹತ್ತಿದವರಿಗೆ ಕೋಡ್‌ಕಾಂಬ್ಯಾಟ್. ಮೈನ್‌ಕ್ರಾಫ್ಟ್‌ಗೆ ತಲೆಗಿಷ್ಟು ಅಂತ ವರ್ಷವರ್ಷ ಕಟ್ಟಬೇಕು. ಈಗಿನ ಲೈಸೆನ್ಸ್ ಮುಗಿಯುವ ತನಕ ಶನಿವಾರದ ಕೊನೇ ಪೀರಿಯಡ್‌ಗೆ ಇರಲಿ. ಮುಂದಿನ ವರ್ಷ ಅದೇ ದುಡ್ಡಲ್ಲಿ ಲ್ಯಾಬಿಗೆ ಹೊಸ ಮೌಸ್ ತರಿಸಿಕೊಡಿ ಅಂತ ಹೆಡ್‌ಮಾಸ್ಟರಿಗೆ ಹೇಳಿದ್ದೇನೆ.